ಕಾಲು ಹಿಡಿದು ಕೆಡವುವ ಮುನ್ನ: ಗ್ರ್ಯಾಪ್ಲಿಂಗ್‌ನಲ್ಲಿ ಲೆಗ್ ಟೇಕ್‌ಡೌನ್ ಮತ್ತು ಸುರಕ್ಷತೆ

ಕುಸ್ತಿಯಲ್ಲಿ ಬೆನ್ನು ಮಣ್ಣಾದರೆ ಆಟ ಮುಗಿಯಿತು. ಎದುರಾಳಿಯಿಂದ ಸೋಲೊಪ್ಪಿಸಲು ಪಟ್ಟು ಹಾಕುವ ಸಬ್ಮಿಷನ್ ಗ್ರ್ಯಾಪ್ಲಿಂಗ್‌ನಲ್ಲಿ ಬೆನ್ನ ಮೇಲೆ ಬಿದ್ದವನ ಆಟ ಅಲ್ಲಿಂದಲೇ ಶುರುವಾಗಬಹುದು. ಅವನ ಬಳಿ ಗಾರ್ಡ್ (ಮಲಗಿದಲ್ಲಿಂದಲೇ ಕಾಲುಗಳಿಂದ ಎದುರಾಳಿಯನ್ನು ತಡೆಯುವ ಸ್ಥಿತಿ) ಇದೆ, ಕತ್ತು ಹಿಸುಕುವ ಪಟ್ಟುಗಳಿವೆ, ಕೈಕಾಲಿನ ಕೀಲು ತಿರುಚುವ ಪಟ್ಟುಗಳಿವೆ. ಲೆಗ್ ಟೇಕ್‌ಡೌನ್‌ನ ಅಪಾಯದ ಲೆಕ್ಕ ಬದಲಾಗುವುದು ಈ ಒಂದು ವ್ಯತ್ಯಾಸದಿಂದಲೇ. ಕಾಲು ಸಿಕ್ಕಿಬಿದ್ದ ಕುಸ್ತಿಪಟು ಬೀಳದಿರಲು ಒದ್ದಾಡುತ್ತಾನೆ. ಗ್ರ್ಯಾಪ್ಲರ್ ಹಾಗಲ್ಲ, ನಿಮ್ಮ ಕತ್ತಿಗೆ ತೋಳು ಸುತ್ತಿಕೊಂಡು ತಾನಾಗಿಯೇ ಬಿದ್ದುಬಿಡುತ್ತಾನೆ. ಆಗ ನೆಲಕ್ಕೆ ಬರುವುದು ಒಬ್ಬರಲ್ಲ, ಒಬ್ಬರಿಗೊಬ್ಬರು ಗಂಟುಬಿದ್ದ ಇಬ್ಬರು. ಸುಲಭವಾಗಿ ಬಿಡಿಸಿಕೊಳ್ಳಲು ಇಬ್ಬರಿಗೂ ಆಗದು.

ಒಂದು ಮೀಟರ್ ಎತ್ತರದಿಂದ ಬಿಟ್ಟ ಯಾವ ವಸ್ತುವಾದರೂ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿರುತ್ತದೆ. ಸೊಂಟದೆತ್ತರಕ್ಕೆ ಎತ್ತಿ ಕೈಬಿಟ್ಟ ಜೊತೆಗಾರನಿಗೂ ಇದೇ ಲೆಕ್ಕ. ಅದರ ಮೇಲೆ ನಿಮ್ಮ 70 ಕೆ.ಜಿ. ಭಾರವೂ ಸೇರಿದರೆ ಪಕ್ಕೆಲುಬಿಗೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಜೋರಾಗಿ ಕೆಡವಿ ಸಿಗುವುದಾದರೂ ಏನು? ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದಲ್ಲಿ ಟೇಕ್‌ಡೌನ್‌ಗೆ 2 ಅಂಕ, ಅದೂ ಕೆಡವಿದ ಮೇಲೆ 3 ಸೆಕೆಂಡು ಹಿಡಿದಿಟ್ಟುಕೊಂಡರೆ ಮಾತ್ರ. ಮೆತ್ತಗೆ ಇಳಿಸಿದರೂ ಎರಡೇ, ದಬ್ಬೆಂದು ಬೀಳಿಸಿದರೂ ಎರಡೇ. ಬಿದ್ದ ಮೇಲೆ ಹಿಡಿತ ಉಳಿಸಿಕೊಂಡವನಿಗೇ ಅಂಕ. ಹಾಗಾಗಿ ಸುರಕ್ಷಿತ ಟೇಕ್‌ಡೌನೂ ಒಳ್ಳೆಯ ಟೇಕ್‌ಡೌನೂ ಬಹುಪಾಲು ಒಂದೇ.

ಮೊದಲು ಕತ್ತು

ಕಾಲಿಗೆ ನುಗ್ಗುವಾಗ ತಲೆ ಬಗ್ಗಿಸುವುದು ಹೊಸಬರೆಲ್ಲರ ಅಭ್ಯಾಸ. ಕಣ್ಣು ಕಾಲಿನ ಮೇಲಿರುತ್ತದೆ, ಗದ್ದ ಎದೆಗೆ ಬರುತ್ತದೆ, ನೆತ್ತಿ ಮುಂದಾಗುತ್ತದೆ. ಕತ್ತಿನ ಮೂಳೆಗಳ ಸಾಲಿಗೆ ಸಹಜವಾಗಿಯೇ ಒಂದು ಬಾಗು ಇದೆ. ಮೇಲಿನಿಂದ ಬಂದ ಹೊಡೆತವನ್ನು ಸ್ಪ್ರಿಂಗಿನಂತೆ ಹೀರುವುದು ಆ ಬಾಗು. ತಲೆಯನ್ನು ಸುಮಾರು 30 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಬಾಗು ಹೋಗಿ ಸಾಲು ಕೋಲಿನಂತೆ ನೆಟ್ಟಗಾಗುತ್ತದೆ. ಆ ಸ್ಥಿತಿಯಲ್ಲಿ ನೆತ್ತಿ ಎದುರಾಳಿಯ ಸೊಂಟಕ್ಕೋ ನೆಲಕ್ಕೋ ಬಡಿದರೆ, ಹಿಂದಿನಿಂದ ಬರುತ್ತಿರುವ ಮೈಭಾರವೆಲ್ಲ ಕತ್ತಿನ ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೆನ್ನುಹುರಿಗೆ ಪೆಟ್ಟಾಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು.

ಅದಕ್ಕೇ ಮೊದಲ ನಿಯಮ: ಕಣ್ಣು ಮೇಲೆ. ಒಳನುಗ್ಗುವಾಗ ದೃಷ್ಟಿ ಎದುರಾಳಿಯ ಎದೆಯ ಮಟ್ಟಕ್ಕಿಂತ ಕೆಳಗಿಳಿಯಬಾರದು. ಸೊಂಟ ಇಳಿಯಬೇಕು, ಬೆನ್ನು ಬಾಗಬಾರದು. ಕುರ್ಚಿಯಲ್ಲಿ ಕೂರಲು ಹೊರಟವರ ಸೊಂಟ ಹೇಗೆ ಇಳಿಯುತ್ತದೋ ಹಾಗೆ. ನೆಲಕ್ಕೆ ಬಿದ್ದ ನಾಣ್ಯ ಹೆಕ್ಕುವವರಂತಲ್ಲ. ಪರೀಕ್ಷಿಸಿಕೊಳ್ಳುವುದು ಸುಲಭ. ಕೆಳಗಿಳಿದ ಸ್ಥಿತಿಯಲ್ಲೇ ನಿಂತು, ನಿಮ್ಮ ಅಂಗಿಯ ಮುಂಭಾಗದ ಚಿತ್ರ ಎದುರಿನವರಿಗೆ ಕಾಣುತ್ತದೆಯೇ ಎಂದು ಕೇಳಿ. ಕಾಣದಿದ್ದರೆ ಬಗ್ಗಿದ್ದೀರಿ ಎಂದೇ ಅರ್ಥ.

ಡಬಲ್ ಲೆಗ್, ಬಿಡಿಬಿಡಿಯಾಗಿ

ಡಬಲ್ ಲೆಗ್ ಎಂದರೆ ಎರಡೂ ಕಾಲು ಹಿಡಿದು ಕೆಡವುವುದು. ದೂರ ಸರಿಯಾಗಿಲ್ಲದಿದ್ದರೆ ಮುಂದಿನದ್ದೆಲ್ಲ ಕೆಡುತ್ತದೆ. ನಿಂತಲ್ಲಿಂದಲೇ ಕೈ ಚಾಚಿದರೆ ಎದುರಾಳಿಯ ಭುಜ ಸಿಗಬೇಕು. ಅದಕ್ಕಿಂತ ದೂರದಿಂದ ಹಾರಿದರೆ ತಲುಪುವಷ್ಟರಲ್ಲಿ ಕೈಗಳು ಮುಂದಕ್ಕೆ ಚಾಚಿ, ತಲೆ ಕೆಳಗಾಗಿ, ಕತ್ತು ಅವನ ಕಂಕುಳಿಗೆ ಕಾಣಿಕೆಯಾಗುತ್ತದೆ. ಹತ್ತಿರ ಬರಲು ಕೈಗಳೇ ದಾರಿ ಮಾಡಬೇಕು. ಅವನ ಕತ್ತಿನ ಹಿಂಭಾಗಕ್ಕೆ ಅಂಗೈ ಹಾಕಿ ಒಮ್ಮೆ ಕೆಳಕ್ಕೆ ಜಗ್ಗಿ. ಅವನು ತಲೆ ಎತ್ತಲು ಹಿಂದಕ್ಕೆಳೆಯುತ್ತಾನೆ. ಎದ್ದು ಬರುವ ಆ ಅರ್ಧ ಸೆಕೆಂಡಿನಲ್ಲಿ ಅವನ ಭಾರ ಹಿಮ್ಮಡಿಯ ಮೇಲಿರುತ್ತದೆ. ನುಗ್ಗಬೇಕಾದ್ದು ಆಗಲೇ.

ಈಗ ಹೆಜ್ಜೆ. ಬಲಗಾಲು ಮುಂದಿಟ್ಟು ನಿಲ್ಲುವವರಾದರೆ ಬಲ ಪಾದ ಅವನ ಎರಡು ಪಾದಗಳ ನಡುವೆ ಹೋಗುತ್ತದೆ. ಸೊಂಟ ಇಳಿದಂತೆ ಬಲ ಮಂಡಿ ಕಾಲ್ಬೆರಳುಗಳನ್ನು ದಾಟಿ ಮುಂದಕ್ಕೆ ಸರಿದು ಮ್ಯಾಟಿಗೆ ತಾಗುತ್ತದೆ. ಇಲ್ಲಿ ‘ಸರಿದು’ ಎಂಬುದೇ ಮುಖ್ಯ. ಮಂಡಿಯನ್ನು ಮೇಲಿನಿಂದ ಕೆಳಕ್ಕೆ ಧೊಪ್ಪೆಂದು ಕುಟ್ಟಿದರೆ ಮಂಡಿಚಿಪ್ಪಿನ ಮುಂದಿರುವ ನೀರಿನ ಚೀಲ ಜಜ್ಜಿ ಊದಿಕೊಳ್ಳುತ್ತದೆ. ದಿನಕ್ಕೆ ಮೂವತ್ತು ಸಲ ಹೀಗೆ ಕುಟ್ಟಿದರೆ ತಿಂಗಳೊಳಗೆ ಮಂಡಿಯ ಮೇಲೊಂದು ಮೊಟ್ಟೆ ಎದ್ದಿರುತ್ತದೆ. ವಿಮಾನದ ಚಕ್ರ ನೆಲಕ್ಕೆ ತಾಗುವ ಹಾಗೆ ಓರೆಯಾಗಿ ತಾಗಿ ಮುಂದಕ್ಕೆ ಸಾಗಬೇಕು. ತೆಳುವಾದ ನೀ ಪ್ಯಾಡ್ ಹಾಕಿದರೆ ಒಳ್ಳೆಯದು, ಆದರೆ ತಪ್ಪು ಹೆಜ್ಜೆಯನ್ನು ಯಾವ ಪ್ಯಾಡೂ ತಿದ್ದುವುದಿಲ್ಲ.

ಮಂಡಿ ತಾಗಿದ ಕ್ಷಣದಲ್ಲೇ ನಿಮ್ಮ ಬಲ ಭುಜ ಅವನ ಹೊಟ್ಟೆಗೆ, ಎಡ ಪಕ್ಕದಲ್ಲಿರುವ ನಿಮ್ಮ ತಲೆಯ ಕಿವಿ ಅವನ ಪಕ್ಕೆಗೆ ಅಂಟಿರಬೇಕು. ಹಣೆ ಹೊಟ್ಟೆಗೆ ಹೋಗಬಾರದು. ಕಿವಿಗೂ ಪಕ್ಕೆಗೂ ನಡುವೆ ಕೈ ತೂರುವಷ್ಟು ಜಾಗ ಉಳಿದರೆ ಅದೇ ಗಿಲಟಿನ್‌ಗೆ (ತಲೆಯನ್ನು ಕಂಕುಳಿನಡಿ ಸಿಕ್ಕಿಸಿ ತೋಳಿನಿಂದ ಕತ್ತು ಹಿಸುಕುವ ಪಟ್ಟು) ಬಾಗಿಲು. ಕೈಗಳು ಮಂಡಿಗಳ ಹಿಂದಿನ ಮಡಿಕೆಯಲ್ಲಿ, ಮೊಣಕೈಗಳು ಒಳಕ್ಕೆ. ತೊಡೆಗಳ ಹಿಂದೆ ಎರಡೂ ಕೈಗಳನ್ನು ಕೊಂಡಿ ಹಾಕಿ ಬಿಗಿಯಬೇಡಿ. ಬೀಳುವಾಗ ಆ ಕೊಂಡಿ ಅವನ ತೊಡೆಗೂ ನೆಲಕ್ಕೂ ನಡುವೆ ಸಿಕ್ಕಿ ಬೆರಳು ಮುರಿಯುತ್ತದೆ.

ಎಲ್ಲರೂ ಅವಸರ ಮಾಡುವುದು ಇದರ ಮುಂದಿನ ಭಾಗದಲ್ಲಿ. ಎಡಗಾಲು ತಡವಿಲ್ಲದೆ ಅವನ ಹೊರಪಕ್ಕಕ್ಕೆ ಎದ್ದು ಬರಬೇಕು. ಎರಡೂ ಮಂಡಿ ನೆಲದಲ್ಲಿದ್ದರೆ ತಳ್ಳಲು ಬಲವೇ ಇರುವುದಿಲ್ಲ, ಅವನ ಸ್ಪ್ರಾಲ್ (ಕಾಲುಗಳನ್ನು ಹಿಂದಕ್ಕೆ ಎಸೆದು ಸೊಂಟದ ಭಾರ ಮೇಲೆ ಹಾಕುವುದು) ನಿಮ್ಮನ್ನು ಚಪ್ಪಟೆ ಮಾಡುತ್ತದೆ. ಕಾಲು ಎದ್ದ ಮೇಲೆ ನೇರ ಮುಂದಕ್ಕೆ ಓಡಬೇಡಿ. ನೇರ ತಳ್ಳಿದರೆ ಅವನು ಹಿಂದಕ್ಕೆ ಮರದ ದಿಮ್ಮಿಯಂತೆ ಉರುಳಿ ತಲೆಯ ಹಿಂಭಾಗ ಮೊದಲು ನೆಲಕ್ಕೆ ತಾಗುತ್ತದೆ, ಅದರ ಹಿಂದೆಯೇ ನಿಮ್ಮ ಭುಜ ಅವನ ಪಕ್ಕೆಗೆ ಇಳಿಯುತ್ತದೆ. ಅದರ ಬದಲು ತಲೆಯಿಂದ ಅವನ ಪಕ್ಕೆಯನ್ನು ಒತ್ತುತ್ತಾ ಬಲಕ್ಕೆ ಸುಮಾರು 90 ಡಿಗ್ರಿ ತಿರುಗಿ ಓಡಿ. ತಲೆ ಎಡದಲ್ಲಿದ್ದರೆ ತಿರುವು ಬಲಕ್ಕೆ, ಬಲದಲ್ಲಿದ್ದರೆ ಎಡಕ್ಕೆ. ಹೀಗೆ ತಿರುಗಿಸಿದಾಗ ಅವನು ಮೊದಲು ಪೃಷ್ಠ, ಆಮೇಲೆ ಸೊಂಟದ ಪಕ್ಕ, ಕೊನೆಗೆ ಬೆನ್ನು ಎಂದು ಸುತ್ತಿಕೊಂಡು ಬೀಳುತ್ತಾನೆ. ನೀವು ಅವನ ಕಾಲುಗಳ ನಡುವೆ ಬೀಳದೆ ಪಕ್ಕದಲ್ಲಿರುತ್ತೀರಿ, ಗಾರ್ಡ್ ಅರ್ಧ ದಾಟಿದಂತೆಯೇ. ಎಡಿಸಿಸಿ ಎಂಬ ಸಬ್ಮಿಷನ್ ಗ್ರ್ಯಾಪ್ಲಿಂಗ್ ಪಂದ್ಯಾವಳಿಯ ನಿಯಮದಲ್ಲಿ ಗಾರ್ಡ್‌ನೊಳಗೆ ಮುಗಿದ ಟೇಕ್‌ಡೌನ್‌ಗೆ 2, ಗಾರ್ಡ್ ದಾಟಿಯೇ ಮುಗಿದದ್ದಕ್ಕೆ 4 ಅಂಕ. ತಿರುವಿಗೆ ಬೆಲೆ ಇದೆ.

ನೆಲದಿಂದ ಮೇಲಕ್ಕೆತ್ತಿದರೆ ಜವಾಬ್ದಾರಿ ಪೂರ್ತಿ ನಿಮ್ಮದು. ಎತ್ತಿದವನೇ ಇಳಿಸಬೇಕು ಎಂಬುದು ಕುಸ್ತಿಯ ಹಳೆಯ ಮಾತು, ಹಲವು ನಿಯಮಾವಳಿಗಳಲ್ಲಿ ಅಕ್ಷರವಾಗಿಯೂ ಇದೆ. ಇಳಿಸುವಾಗ ನಿಮ್ಮ ಒಂದು ಮಂಡಿ ಅವನಿಗಿಂತ ಮೊದಲು ಮ್ಯಾಟು ಮುಟ್ಟಲಿ. ಇಬ್ಬರ ಭಾರದ ವೇಗ ಅಲ್ಲೇ ಅರ್ಧ ಮುರಿಯುತ್ತದೆ.

ಕತ್ತು ಸಿಕ್ಕಿಬಿದ್ದಾಗ

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ತೋಳು ಕತ್ತಿಗೆ ಬಂದೇ ಬರುತ್ತದೆ. ಆಗ ಮಾಡಬಾರದ ಕೆಲಸವೆಂದರೆ ‘ಕೆಡವಿಬಿಟ್ಟರೆ ಬಿಡುತ್ತಾನೆ’ ಎಂದುಕೊಂಡು ಇನ್ನೂ ಜೋರಾಗಿ ನುಗ್ಗುವುದು. ಅವನು ಬಿಡುವುದಿಲ್ಲ. ಬೀಳುವಾಗ ನಿಮ್ಮ ತಲೆ ಅವನ ಕಂಕುಳಿನಡಿ ಸಿಕ್ಕಿರುತ್ತದೆ, ನೆತ್ತಿ ನೆಲದತ್ತ ಇರುತ್ತದೆ, ಇಬ್ಬರ ಭಾರವೂ ಅದರ ಮೇಲೆ ಬರುತ್ತದೆ. ಉಸಿರುಗಟ್ಟುವುದಕ್ಕೆ ಟ್ಯಾಪ್ ಇದೆ, ಕೈ ತಟ್ಟಿ ಸೋಲೊಪ್ಪಿದರೆ ಬಿಡುತ್ತಾನೆ. ನೆತ್ತಿಯ ಮೇಲೆ ಬೀಳುವುದಕ್ಕೆ ಟ್ಯಾಪ್ ಇಲ್ಲ.

ನಿಲ್ಲಿ. ಎರಡೂ ಕೈಗಳಿಂದ ಕತ್ತು ಸುತ್ತಿದ ತೋಳಿನ ಮಣಿಕಟ್ಟು ಹಿಡಿದು ಕೆಳಗೆಳೆಯಿರಿ. ಗದ್ದ ಎದೆಗೆ ಒತ್ತುವ ಬದಲು ಬೆನ್ನು ನೆಟ್ಟಗೆ ಮಾಡಿ, ಮಂಡಿ ಬಾಗಿಸಿ, ಸೊಂಟವನ್ನು ಅವನ ಹತ್ತಿರ ತನ್ನಿ. ಅವನು ಹಾರಿ ಕಾಲುಗಳಿಂದ ಸೊಂಟ ಸುತ್ತಿದರೆ ಭಾರ ಹೊತ್ತುಕೊಂಡೇ ನಿಧಾನ ಕುಕ್ಕರಿಸಿ. ನೆಲ ಸೇರಿದ ಮೇಲೆ ತಲೆ ಯಾವ ಪಕ್ಕ ಸಿಕ್ಕಿದೆಯೋ ಅದರ ಎದುರು ಪಕ್ಕಕ್ಕೆ ದಾಟಿಕೊಳ್ಳಬೇಕು. ತಲೆ ಅವನ ಬಲ ಕಂಕುಳಿನಲ್ಲಿದ್ದರೆ ನಿಮ್ಮ ಮೈ ಅವನ ಎಡ ಪಕ್ಕಕ್ಕೆ ಬರಲಿ, ಭುಜ ಅವನ ಕತ್ತಿನತ್ತ ಒತ್ತಲಿ. ಸಿಕ್ಕಿದ ಪಕ್ಕಕ್ಕೇ ಓಡಿದರೆ ಗಂಟು ಇನ್ನೂ ಬಿಗಿಯುತ್ತದೆ.

ಗಿಲಟಿನ್ ಹಿಡಿದವನಿಗೂ ಒಂದು ಮಾತು. ಜೊತೆಗಾರ ಪೂರ್ತಿ ವೇಗದಲ್ಲಿ ನುಗ್ಗುತ್ತಿರುವಾಗ ಕತ್ತು ಹಿಡಿದು ಹಿಂದಕ್ಕೆ ಧುಮುಕುವುದು ಅಭ್ಯಾಸದ ಹೊತ್ತಿನ ಕೆಲಸವಲ್ಲ. ಹಿಡಿತ ಸಿಕ್ಕಿದೆ ಎಂದು ಇಬ್ಬರಿಗೂ ತಿಳಿದಾಯಿತಲ್ಲ, ಅಲ್ಲಿಗೆ ಸಾಕು.

ಸಿಂಗಲ್ ಲೆಗ್

ಹೊಸಬರಿಗೆ ನಾವು ಮೊದಲು ಕಲಿಸಬೇಕೆನ್ನುವುದು ಒಂದೇ ಕಾಲು ಹಿಡಿದು ಕೆಡವುವ ಇದನ್ನೇ. ಡಬಲ್ ಲೆಗ್‌ನಷ್ಟು ಆಳಕ್ಕೆ ಧುಮುಕಬೇಕಿಲ್ಲ, ಮಂಡಿ ನೆಲಕ್ಕೆ ತಾಗಿಸದೆಯೂ ಮಾಡಬಹುದು, ತಪ್ಪಿದರೆ ನಿಂತೇ ಹಿಂದೆ ಸರಿಯಬಹುದು.

ತಲೆ ಒಳಗಿರಬೇಕು, ಅಂದರೆ ಹಿಡಿದ ಕಾಲಿನ ಒಳಪಕ್ಕದಲ್ಲಿ ಅವನ ಎದೆಗೆ ಅಂಟಿಕೊಂಡು. ತಲೆ ಹೊರಗಿಟ್ಟ ಸಿಂಗಲ್ ಲೆಗ್ ಐಬಿಜೆಜೆಎಫ್ ನಿಯಮದಲ್ಲಿ ಬಿಳಿ ಬೆಲ್ಟ್‌ನವರಿಗೆ (ಹೊಸಬರ ದರ್ಜೆ) ನಿಷಿದ್ಧ. ಗಿಲಟಿನ್ ಹಿಡಿದು ಬೀಳುವಾಗ ನೆತ್ತಿ ನೆಲಕ್ಕೆ ಕುಟ್ಟುವ ಅಪಾಯ ಆ ಸ್ಥಿತಿಯಲ್ಲಿ ಹೆಚ್ಚು. ಪಳಗಿದವರು ಅದನ್ನು ಬಳಸುತ್ತಾರೆ, ತಕ್ಷಣ ಬೆನ್ನಿಗೆ ಹೋಗುವ ದಾರಿ ಗೊತ್ತಿರುವುದರಿಂದ.

ಕಾಲು ಸಿಕ್ಕಿದೊಡನೆ ಅದನ್ನು ನಿಮ್ಮ ಎರಡು ತೊಡೆಗಳ ನಡುವೆ ಸೆರೆಹಿಡಿಯಿರಿ. ಕೈಗಳು ಅವನ ಮಂಡಿಯ ಹಿಂದೆ ಒಂದಾಗಲಿ, ಆದರೆ ಬೆರಳುಗಳನ್ನು ಹೆಣೆಯಬೇಡಿ. ಅಂಗೈಗೆ ಅಂಗೈ ಹಚ್ಚಿ, ಹೆಬ್ಬೆರಳನ್ನೂ ಉಳಿದ ಬೆರಳುಗಳ ಜೊತೆಗೇ ಸೇರಿಸಿ ಮುಚ್ಚಿ. ಹೆಣೆದ ಬೆರಳು ಎಳೆತಕ್ಕೆ ಬಿಡುವುದಿಲ್ಲ, ತಿರುಚಿಕೊಳ್ಳುತ್ತದೆ.

ಕೆಡವಲು ಹಲವು ದಾರಿಗಳಿವೆ. ಎಲ್ಲಕ್ಕಿಂತ ಮೆತ್ತಗಿನದು ಹಿಂದಕ್ಕೆ ಅರ್ಧ ವೃತ್ತದಲ್ಲಿ ಸರಿಯುತ್ತಾ ಎದೆಯ ಭಾರದಿಂದ ತೊಡೆಯನ್ನು ಕೆಳಗೊತ್ತುವುದು. ಒತ್ತಡ ಎಲ್ಲಿ ಬೀಳುತ್ತದೆ ಎನ್ನುವುದೇ ಇಲ್ಲಿನ ಗುಟ್ಟು. ಮಂಡಿಗಿಂತ ನಾಲ್ಕು ಬೆರಳು ಮೇಲೆ, ತೊಡೆಯ ಮೇಲೆ ಬಿದ್ದರೆ ಸೊಂಟ ಕುಸಿದು ಅವನು ಕೂರುತ್ತಾನೆ. ಮಂಡಿಯ ಮೇಲೇ ಬಿದ್ದರೆ, ಅದರಲ್ಲೂ ಪಾದ ನಿಮ್ಮ ತೊಡೆಗಳ ನಡುವೆ ಬಿಗಿಯಾಗಿ ಸಿಕ್ಕಿರುವಾಗ, ತಿರುಚುವಿಕೆಯೆಲ್ಲ ಕೀಲಿಗೇ ಹೋಗುತ್ತದೆ. ಅವನು ತಿರುಗಿ ಓಡಲು ನೋಡಿದರೆ ಪಾದವನ್ನು ಬಿಗಿಹಿಡಿದು ನಿಲ್ಲಬೇಡಿ, ಜೊತೆಗೇ ತಿರುಗಿ.

ಹಿಡಿದ ಕಾಲನ್ನು ಭುಜದೆತ್ತರಕ್ಕೆ ಎತ್ತುವುದು ನೋಡಲು ಚೆಂದ. ಒಂಟಿ ಕಾಲಿನಲ್ಲಿ ಕುಂಟುತ್ತಿರುವವನು ಹಿಂದಕ್ಕೆ ನೇರ ಬೀಳುತ್ತಾನೆ, ಎತ್ತರವೂ ಹೆಚ್ಚು. ಬೀಳುವಿಕೆ ಚೆನ್ನಾಗಿ ಬಾರದವರ ಮೇಲೆ ಬೇಡ. ನಿಂತ ಕಾಲನ್ನು ಕೀಳುವುದಾದರೆ ನಿಮ್ಮ ಪಾದ ಅವನ ಹಿಮ್ಮಡಿಯ ಹಿಂದೆ ಬಂದು ಕೊಕ್ಕೆಯಂತೆ ಎಳೆಯಲಿ. ಪಕ್ಕದಿಂದ ಮಂಡಿಗೆ ಒದೆಯುವುದು ಟೇಕ್‌ಡೌನ್ ಅಲ್ಲ.

ಅಂದಹಾಗೆ, ಕಿವಿಯನ್ನು ಎದೆಗೆ ಉಜ್ಜುತ್ತಲೇ ಇರುವ ಪಟ್ಟಿದು. ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬಿ ಊದಿಕೊಂಡರೆ ಮೊದಲ ಕೆಲವು ದಿನಗಳಲ್ಲೇ ವೈದ್ಯರಿಂದ ತೆಗೆಸಬೇಕು. ಬಿಟ್ಟರೆ ಹೂಕೋಸಿನಂತೆ ಗಟ್ಟಿಯಾಗಿ ಉಳಿಯುತ್ತದೆ. ಹೆಡ್‌ಗಿಯರ್ ಹಾಕುವುದರಲ್ಲಿ ನಾಚಿಕೆಯೇನಿಲ್ಲ.

ಊರಿದ ಪಾದ, ಪಕ್ಕದಿಂದ ಬಂದ ಭಾರ

ಮಂಡಿ ಬಾಗಿಲಿನ ಕೀಲಿನಂತೆ ಹಿಂದೆ ಮುಂದೆ ಆಡುತ್ತದೆ, ಪಕ್ಕಕ್ಕೆ ಆಡುವುದಿಲ್ಲ. ಪಾದ ನೆಲಕ್ಕೆ ಊರಿರುವಾಗ ಹೊರಗಿನಿಂದ ಒಳಕ್ಕೆ ಭಾರ ಬಿದ್ದರೆ ಮಂಡಿಯ ಒಳಪಕ್ಕದ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಮೊದಲು ಹರಿಯುತ್ತದೆ. ಭಾರ ಜಾಸ್ತಿಯಾದರೆ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟೂ ಅದರ ಹಿಂದೆ ಹೋಗುತ್ತದೆ. ಪಾದ ಗಾಳಿಯಲ್ಲಿದ್ದರೆ ಅದೇ ಭಾರಕ್ಕೆ ಕಾಲು ಸರಿದುಕೊಳ್ಳುತ್ತದೆ, ಸಾಮಾನ್ಯವಾಗಿ ಏನೂ ಆಗದು. ಅಪಾಯ ಹುಟ್ಟುವುದು ಇವೆರಡೂ ಒಟ್ಟಿಗೆ ಸೇರಿದಾಗ.

ಎರಡು ಪಟ್ಟುಗಳು ಈ ಕಾರಣಕ್ಕೇ ಕುಖ್ಯಾತ. ಒಂದು ಕಾನಿ ಬಸಾಮಿ, ಎರಡೂ ಕಾಲುಗಳಿಂದ ಕತ್ತರಿಯಂತೆ ಎದುರಾಳಿಯ ಕಾಲುಗಳನ್ನು ಹಿಡಿದು ಕೆಡವುವುದು. 1980ರ ಅಖಿಲ ಜಪಾನ್ ಜೂಡೊ ಚಾಂಪಿಯನ್‌ಶಿಪ್‌ನಲ್ಲಿ ಸುಮಿಯೊ ಎಂಡೊ ಹಾಕಿದ ಈ ಪಟ್ಟಿಗೆ ಯಾಸುಹಿರೊ ಯಮಾಶಿತ ಅವರ ಕಾಲಿನ ಮೂಳೆ ಮುರಿಯಿತು. ಇಂದು ಜೂಡೊ ಸ್ಪರ್ಧೆಯಲ್ಲೂ ಐಬಿಜೆಜೆಎಫ್‌ನಲ್ಲೂ ಅದು ನಿಷಿದ್ಧ. ಇನ್ನೊಂದು ತಾನಿ ಒತೋಶಿ, ಎದುರಾಳಿಯ ಹಿಂದೆ ಕಾಲು ಚಾಚಿ ಕೂತು ಬೀಳಿಸುವುದು. ಇದಕ್ಕೆ ನಿಷೇಧವಿಲ್ಲ, ಆದ್ದರಿಂದಲೇ ಇನ್ನೂ ಎಚ್ಚರ ಬೇಕು. ಸುಸ್ತಾದ ಹೊಸಬರು ಕೈಗೆ ಏನೂ ಸಿಗದಾಗ ಎದುರಾಳಿಗೆ ಜೋತುಬಿದ್ದು ಕೂತುಬಿಡುತ್ತಾರೆ. ಹಿಮ್ಮಡಿಯ ಹಿಂದೆ ಹೋಗಬೇಕಾದ ಕಾಲು ಮಂಡಿಯ ಪಕ್ಕಕ್ಕೆ ತಗಲುತ್ತದೆ, ಇಡೀ ಮೈ ಅದರ ಮೇಲೆ. ಅಭ್ಯಾಸದಲ್ಲಿ ಇದಕ್ಕೆ ಒಂದೇ ಗೆರೆ: ನಿಮ್ಮ ಪಾದ ನೆಲ ಬಿಟ್ಟೇಳದೆ ಜಾರಿಕೊಂಡೇ ಅವನ ಹಿಮ್ಮಡಿಗಳ ಹಿಂದೆ ಹೋಗಲು ಜಾಗವಿದ್ದರೆ ಮಾಡಿ, ಇಲ್ಲದಿದ್ದರೆ ಕೈಬಿಡಿ. ಡಬಲ್ ಲೆಗ್‌ನಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ತಡವಾಗಿ ಪಕ್ಕದಿಂದ ನುಗ್ಗಿದವನ ಭುಜ ಸೊಂಟದ ಬದಲು ಮಂಡಿಗೆ ಬಡಿಯುತ್ತದೆ.

ಬೀಳುವವನ ಕೆಲಸ

ಕೆಡವುವವನಿಗೆ ನೂರು ನಿಯಮ ಹೇಳಿ ಬೀಳುವವನಿಗೆ ಏನೂ ಹೇಳದಿದ್ದರೆ ಅರ್ಧ ಪಾಠ. ಬೀಳುವಾಗ ಹಿಂದಕ್ಕೆ ಕೈ ಊರಬೇಡಿ. ನೆಟ್ಟಗೆ ಚಾಚಿದ ಕೈಯ ಮೇಲೆ ಮೈಭಾರ ಬಂದರೆ ಮಣಿಕಟ್ಟು ಮುರಿಯುವುದು, ಮೊಣಕೈ ಕೀಲು ತಪ್ಪುವುದು, ಕಾಲರ್ ಬೋನ್ ಮುರಿಯುವುದು ಇವುಗಳಲ್ಲೊಂದು ಆಗುತ್ತದೆ. ಗದ್ದ ಎದೆಗೆ ತನ್ನಿ, ಬೆನ್ನು ದುಂಡಗಿರಲಿ, ತೋಳುಗಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಅಂಗೈ ಕೆಳಗಾಗಿ ಮ್ಯಾಟಿಗೆ ಬಡಿಯಲಿ. (ನುಗ್ಗುವವನಿಗೆ ಗದ್ದ ಮೇಲೆ, ಬೀಳುವವನಿಗೆ ಗದ್ದ ಎದೆಗೆ. ಇವೆರಡನ್ನು ಅದಲುಬದಲು ಮಾಡಿಕೊಂಡವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ.)

ಇನ್ನೊಂದು, ಹಟ. ಎರಡೂ ಕಾಲು ಸಿಕ್ಕಿ ಸೊಂಟ ಹಿಮ್ಮಡಿಯ ಹಿಂದೆ ಹೋದ ಮೇಲೆ ನೀವು ಬಿದ್ದಾಗಿದೆ. ಇನ್ನು ಉಳಿದಿರುವುದು ಹೇಗೆ ಬೀಳುವುದು ಎಂಬುದಷ್ಟೇ. ಆ ಹಂತದಲ್ಲಿ ಪಾದ ಊರಿ ಮೈ ತಿರುಚಿದರೆ ಮಂಡಿ ಬೆಲೆ ತೆರುತ್ತದೆ. ಸಿಂಗಲ್ ಲೆಗ್‌ನಲ್ಲಿ ಸಿಕ್ಕಿಬಿದ್ದಾಗ ನಿಂತ ಕಾಲಿನಲ್ಲಿ ಕುಪ್ಪಳಿಸುತ್ತಲೇ ಇರಿ, ಅದನ್ನು ಗೂಟದಂತೆ ನೆಡಬೇಡಿ.

ಸ್ಪ್ರಾಲ್ ಮಾಡುವಾಗ ಸೊಂಟ ಬೀಳಬೇಕಾದ್ದು ಅವನ ಭುಜ ಮತ್ತು ಬೆನ್ನಿನ ಮೇಲ್ಭಾಗದ ಮೇಲೆ, ತಲೆಯ ಹಿಂಭಾಗದ ಮೇಲಲ್ಲ. ಬಗ್ಗಿದ ಕತ್ತಿನ ಮೇಲೆ ಸೊಂಟ ಕುಕ್ಕಿದರೆ, ಮೇಲೆ ಹೇಳಿದ ಕೋಲಿಗೆ ಸುತ್ತಿಗೆ ಏಟು ಕೊಟ್ಟಂತೆ.

ಮ್ಯಾಟು ಮತ್ತು ಕ್ರಮ

ನೆಲದಾಟಕ್ಕೆ 2 ಸೆಂ.ಮೀ. ಜೋಡಿಸುವ ಮ್ಯಾಟು ಸಾಕಾಗುತ್ತದೆ, ಕೆಡವಲು ಸಾಲದು. ಕನಿಷ್ಠ 4 ಸೆಂ.ಮೀ. ಬೇಕು. ಹೊಸಬರು ಪೂರ್ತಿ ಬೀಳಿಸಿ ಕಲಿಯುವಾಗ ಅದರ ಮೇಲೆ ದಪ್ಪನೆಯ ಕ್ರ್ಯಾಶ್ ಮ್ಯಾಟು ಹಾಕಿ. ಮ್ಯಾಟುಗಳ ಸಂದು ಬಿಟ್ಟಿದ್ದರೆ ಅದರಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ತರಗತಿ ಶುರುವಾಗುವ ಮೊದಲು ಪಾದದಿಂದಲೇ ತಡವಿ ನೋಡಿ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ನಿಲ್ಲಿಸಿ ಆಡಿಸುವುದು ಕೆಟ್ಟ ರೂಢಿ. ಒಬ್ಬ ಕೆಡವಿದವನು ಪಕ್ಕದ ಜೋಡಿಯ ಊರಿದ ಕಾಲಿನ ಮೇಲೆ ಹೋಗಿ ಬೀಳುತ್ತಾನೆ, ಮಂಡಿ ಕಳೆದುಕೊಂಡವನಿಗೆ ಏನಾಯಿತೆಂದೇ ಗೊತ್ತಾಗಿರುವುದಿಲ್ಲ. ಪ್ರತಿ ಜೋಡಿಯ ಸುತ್ತ 2 ಮೀಟರ್ ಖಾಲಿ ಬಿಡಲಾಗದಿದ್ದರೆ ಅರ್ಧ ಜನ ಗೋಡೆಗೊರಗಿ ಕಾಯಲಿ.

ಕಲಿಯುವ ಕ್ರಮ ಹೀಗಿರಲಿ. ಜೊತೆಗಾರನಿಲ್ಲದೆ ಹೆಜ್ಜೆ ಮಾತ್ರ, ಒಂದೊಂದು ಪಕ್ಕಕ್ಕೆ ಹತ್ತು ಸಲ. ಆಮೇಲೆ ಜೊತೆಗಾರನ ಸೊಂಟಕ್ಕೆ ಭುಜ ತಾಗಿಸಿ ಅಲ್ಲೇ ನಿಲ್ಲುವುದು, ತಲೆ ಎಲ್ಲಿದೆ ಎಂದು ನೋಡಿಕೊಳ್ಳುವುದು. ಅದು ತಪ್ಪಿಲ್ಲದೆ ಬಂದ ಮೇಲೆ ತಿರುವು, ಬೀಳಿಸದೆ. ಆಮೇಲೆ ಬೀಳಿಸುವುದು. ಪ್ರತಿರೋಧ ಕೊನೆಗೆ, ಅದೂ ಮೊದಲಿಗೆ ಸ್ಪ್ರಾಲ್ ಒಂದೇ, ಎರಡು ನಿಮಿಷದ ಸುತ್ತುಗಳಲ್ಲಿ. ಕೆಡವುವ ಅಭ್ಯಾಸ ತರಗತಿಯ ಆರಂಭದಲ್ಲಿ, ಮೈ ಬಿಸಿಯಾದ ಕೂಡಲೇ ಇರಲಿ. ಕೊನೆಯಲ್ಲಿ ಸುಸ್ತಾದ ಕಾಲುಗಳು ತಡವಾಗಿ ಎದ್ದು ಬರುತ್ತವೆ, ತಲೆ ತಾನಾಗಿ ಬಗ್ಗುತ್ತದೆ. ತೂಕದ ಅಂತರ 10 ಕೆ.ಜಿ.ಗಿಂತ ಹೆಚ್ಚಿದ್ದರೆ ಭಾರದವರು ಕೆಡವಿದ ಮೇಲೆ ಮೈಮೇಲೆ ಬೀಳದೆ ಕಾಲು ಹಿಡಿದು ನಿಂತೇ ಉಳಿಯಲಿ.

ಪೆಟ್ಟಾದಾಗ

ತಲೆ ಬಡಿದು ತಲೆನೋವು, ಗೊಂದಲ, ವಾಕರಿಕೆ, ಮಬ್ಬು ದೃಷ್ಟಿ ಯಾವುದಿದ್ದರೂ ಆ ದಿನದ ಆಟ ಮುಗಿಯಿತು, ವೈದ್ಯರನ್ನು ಕಾಣಬೇಕು. ವಾಂತಿ ಆಗುತ್ತಿದ್ದರೆ, ತಲೆನೋವು ಏರುತ್ತಿದ್ದರೆ, ತೂಕಡಿಕೆ ಹೆಚ್ಚುತ್ತಿದ್ದರೆ ನೇರ ಆಸ್ಪತ್ರೆಗೆ. ಕತ್ತಿನ ಪೆಟ್ಟಿನ ನಂತರ ಒಂದೇ ತೋಳಿನಲ್ಲಿ ಮಿಂಚು ಹರಿದಂತಾಗಿ ಕೆಲವೇ ನಿಮಿಷದಲ್ಲಿ ಹೋದರೆ ಅದು ನರ ಎಳೆದದ್ದಿರಬಹುದು. ಹೋಯಿತೆಂದು ಮತ್ತೆ ಇಳಿಯದೆ, ತೋರಿಸಿಕೊಂಡ ಮೇಲೆ ಬನ್ನಿ. ಎರಡೂ ತೋಳು ಅಥವಾ ಕಾಲುಗಳಲ್ಲಿ ಜುಮುಗುಟ್ಟುವಿಕೆ, ಶಕ್ತಿ ಇಲ್ಲದಿರುವುದು, ಕತ್ತಿನ ನಡು ಮೂಳೆಯಲ್ಲಿ ನೋವು ಇದ್ದರೆ ಅವನನ್ನು ಎಬ್ಬಿಸಬೇಡಿ, ಕೂರಿಸಬೇಡಿ, ನೀರು ಕುಡಿಸಲೆಂದೂ ತಲೆ ಎತ್ತಬೇಡಿ. ತಲೆ ಅಲುಗದಂತೆ ಎರಡೂ ಕೈಯಿಂದ ಆಧರಿಸಿ ಆಂಬುಲೆನ್ಸ್ ಬರುವವರೆಗೆ ಹಾಗೇ ಇರಿ.

ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗೆ ರಕ್ತ ತುಂಬುತ್ತಿದೆ ಎಂದರ್ಥ, ಲಿಗಮೆಂಟ್ ಹರಿದಿರುವ ಸಂಭವ ಹೆಚ್ಚು. ಇಲ್ಲೊಂದು ಮೋಸವಿದೆ. ಮೊದಲ ನೋವು ಹತ್ತು ನಿಮಿಷದಲ್ಲಿ ಇಳಿಯಬಹುದು, ನಡೆಯಲೂ ಆಗಬಹುದು. ನಡೆಯಬಲ್ಲೆ ಅಂದುಕೊಂಡು ಇನ್ನೊಂದು ಸುತ್ತಿಗೆ ನಿಂತವನು ಕಾಲು ತಿರುಗಿಸಿದ ಕೂಡಲೇ ಮಂಡಿ ಕುಸಿಯುತ್ತದೆ. ಮೊದಲ ಸಲ ಉಳಿದುಕೊಂಡಿದ್ದ ಮೃದ್ವಸ್ಥಿ ಈ ಸಲ ಹರಿಯುತ್ತದೆ.